ಗಣಕಯಂತ್ರದ ಜಲಶೀತಕಗಳು: ಅವುಗಳ ಆಯ್ಕೆಯ ವಿಚಾರ

೧. ವಿಷಯಪ್ರವೇಶ

ವಿದ್ಯುಚ್ಛಕ್ತಿಯಿಂದ ನಡೆಯುವ ಯಂತ್ರಗಳೆಲ್ಲವೂ ತಾವು ಸ್ವೀಕರಿಸಿದ ಶಕ್ತಿಯಲ್ಲಿ ಒಂದು ಭಾಗವನ್ನು ಶಾಖವಾಗಿ ಹೊರಗೆಡಹುವುವೆಂಬುದು ಸರ್ವವಿದಿತವಾದ ಸಂಗತಿ. ದೀಪದಲ್ಲಿ ಆ ಶಕ್ತಿಯ ಒಂದಂಶವು ಬೆಳಕಾಗಿಯೂ, ಪಂಪಿನಲ್ಲಿ ಚಲನೆಯಾಗಿಯೂ ಪರಿಣಮಿಸುವುದು. ಗಣಕಯಂತ್ರದ, ಎಂದರೆ ಕಂಪ್ಯೂಟರಿನ, ಪ್ರಾಸೆಸರಿನಲ್ಲಾದರೋ ಹಾಗಲ್ಲ. ಅದು ಮಾಡುವ ಎಣಿಕೆಯು ಭಾರವನ್ನೆತ್ತುವ ಕೆಲಸವಲ್ಲವಾದುದರಿಂದ, ಅದರೊಳಕ್ಕೆ ಹೋದ ವಿದ್ಯುಚ್ಛಕ್ತಿಯು ಹೆಚ್ಚುಕಡಮೆ ಸಮಸ್ತವೂ ಕಟ್ಟಕಡೆಗೆ ಶಾಖವೇ ಆಗಿಬಿಡುವುದು. ಈ ಶಾಖವನ್ನು ಒಡನೊಡನೆ ಸಾಗಿಸದಿದ್ದರೆ ಪ್ರಾಸೆಸರು ತನ್ನನ್ನು ತಾನು ರಕ್ಷಿಸಿಕೊಳ್ಳುವುದಕ್ಕಾಗಿ ವೇಗವನ್ನು ಕುಗ್ಗಿಸಿಕೊಳ್ಳುತ್ತದೆ. ಅದೂ ಸಾಲದಾದರೆ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ.

ಶಾಖವನ್ನು ಸಾಗಿಸುವ ಮಾರ್ಗಗಳು ಮುಖ್ಯವಾಗಿ ಎರಡು. ಲೋಹದ ರೆಕ್ಕೆಗಳ ಮೇಲೆ ಗಾಳಿಯನ್ನು ಬೀಸುವುದು ಒಂದು. ಪ್ರಾಸೆಸರಿನ ಬೆನ್ನಿಗೆ ಒತ್ತಿದ ಲೋಹದ ಗಟ್ಟಿಯೊಳಗೆ ನೀರನ್ನು ಹರಿಯಿಸಿ, ಆ ನೀರನ್ನು ಬೇರೆಡೆಗೆ ಒಯ್ದು ಆರಿಸುವುದು ಇನ್ನೊಂದು. ಈ ಎರಡನೆಯ ಮಾರ್ಗದಲ್ಲಿ ಉಪಯೋಗಿಸುವ ಗಟ್ಟಿಗೆ ವ್ಯವಹಾರದಲ್ಲಿ ವಾಟರ್ ಬ್ಲಾಕ್ ಎಂದು ಹೆಸರು. ಪ್ರಕೃತ ಲೇಖನದಲ್ಲಿ ಅದನ್ನು ಜಲಶೀತಕವೆಂದು ಕರೆದಿದೆ. ತನ್ನ ಗಣಕಯಂತ್ರವನ್ನು ತಾನೇ ಭಾಗಭಾಗವಾಗಿ ಕೂಡಿಸಿಕೊಳ್ಳುವವನು ಜಲಶೀತಕವನ್ನು ಆರಿಸುವಾಗ ಯಾವ ಗುಣಗಳನ್ನು ಯಾವ ಕ್ರಮದಲ್ಲಿ ಪರೀಕ್ಷಿಸಬೇಕೆಂಬುದೇ ಇಲ್ಲಿಯ ವಿಚಾರ. ಈ ಆಯ್ಕೆಯಲ್ಲಿ ತಪ್ಪಿದರೆ ಆಗುವ ನಷ್ಟವು ಜಲಶೀತಕದ ಬೆಲೆಯಷ್ಟರಲ್ಲಿಯೇ ಮುಗಿಯುವುದಿಲ್ಲ. ಅದರ ಕೆಳಗಿರುವ, ಅದಕ್ಕಿಂತ ಎಷ್ಟೋ ಪಾಲು ಬೆಲೆಯುಳ್ಳ ಯಂತ್ರಭಾಗಗಳೇ ಅಪಾಯಕ್ಕೀಡಾಗುವುವು. ಆದಕಾರಣ ಹೊಳಪನ್ನೂ ದೀಪಾಲಂಕಾರವನ್ನೂ ನೋಡಿ ಕೊಳ್ಳತಕ್ಕ ವಸ್ತು ಇದಲ್ಲ.

೨. ಶಾಖದ ಪ್ರಮಾಣ

೧೯೭೧ರಲ್ಲಿ ಇಂಟೆಲ್ ಸಂಸ್ಥೆಯು ಹೊರತಂದ ೪೦೦೪ ಎಂಬ ಪ್ರಾಸೆಸರಿನಲ್ಲಿ ಸುಮಾರು ೨,೩೦೦ ಟ್ರಾನ್ಸಿಸ್ಟರುಗಳಿದ್ದುವು. ಅದು ಹೊರಗೆಡಹುತ್ತಿದ್ದ ಶಾಖವು ಹೆಚ್ಚೆಂದರೆ ಒಂದು ವಾಟಿನ ಆಸುಪಾಸಿನದು. ಅದಕ್ಕೆ ಬೀಸಣಿಗೆಯೂ ಬೇಕಾಗಿರಲಿಲ್ಲ, ರೆಕ್ಕೆಗಳೂ ಬೇಕಾಗಿರಲಿಲ್ಲ. ಅದೇ ಸಂಸ್ಥೆಯು ೨೦೨೩ರಲ್ಲಿ ಪ್ರಕಟಿಸಿದ ಕೋರ್ ಐ೯-೧೪೯೦೦ಕೆ ಎಂಬ ಪ್ರಾಸೆಸರಿಗೆ ಗೊತ್ತುಮಾಡಿರುವ ಪರಮಾವಧಿ ಶಕ್ತಿಯು ೨೫೩ ವಾಟ್. ಎಎಂಡಿ ಸಂಸ್ಥೆಯ ರೈಜೆನ್ ೯ ೭೯೫೦ಎಕ್ಸ್ ಎಂಬುದಕ್ಕೆ (೨೦೨೨) ೨೩೦ ವಾಟ್. ಚಿತ್ರಗಳನ್ನು ರಚಿಸುವ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಎನ್‌ವಿಡಿಯಾ ಸಂಸ್ಥೆಯ ಆರ್‌ಟಿಎಕ್ಸ್ ೪೦೯೦ಕ್ಕೆ (೨೦೨೨) ೪೫೦ ವಾಟ್. ಆರ್‌ಟಿಎಕ್ಸ್ ೫೦೯೦ಕ್ಕೆ (೨೦೨೫) ೫೭೫ ವಾಟ್.

ಒಟ್ಟು ಶಾಖಕ್ಕಿಂತಲೂ ಅದು ಎಷ್ಟು ಕಿರಿದಾದ ಸ್ಥಳದಲ್ಲಿ ಹುಟ್ಟುತ್ತದೆಂಬುದು ಹೆಚ್ಚು ಗಮನಾರ್ಹವಾದುದು. ರೈಜೆನ್ ೭೦೦೦ ಶ್ರೇಣಿಯ ಪ್ರಾಸೆಸರುಗಳಲ್ಲಿ ಎಣಿಕೆಯು ನಡೆಯುವ ಸಿಲಿಕನ್ ಬಿಲ್ಲೆಯೊಂದರ ವಿಸ್ತೀರ್ಣವು ಸುಮಾರು ೭೧ ಚದರ ಮಿಲಿಮೀಟರ್. ಎಂದರೆ ಕಿರುಬೆರಳಿನ ಉಗುರಿನಷ್ಟು. ಅಂಥ ಒಂದು ಬಿಲ್ಲೆಯಲ್ಲಿ ೮೦ ವಾಟ್ ಶಾಖವು ಹುಟ್ಟುತ್ತದೆಂದಿಟ್ಟುಕೊಂಡರೆ ಚದರ ಸೆಂಟಿಮೀಟರ್ ಒಂದಕ್ಕೆ ಸುಮಾರು ೧೧೩ ವಾಟ್ ಆಗುವುದು. ಅಡಿಗೆಮನೆಯ ವಿದ್ಯುದೊಲೆಯೊಂದು ೧೮ ಸೆಂಟಿಮೀಟರ್ ಅಡ್ಡಳತೆಯುಳ್ಳದ್ದಾಗಿ ೧,೫೦೦ ವಾಟ್ ಶಾಖವನ್ನು ಕೊಡುವುದಾದರೆ ಅದರ ಚದರ ಸೆಂಟಿಮೀಟರಿಗೆ ಬೀಳುವುದು ಸುಮಾರು ೬ ವಾಟ್ ಮಾತ್ರ. ಉರಿಯುತ್ತಿರುವ ಒಲೆಗಿಂತ ಹದಿನೆಂಟು ಹತ್ತೊಂಬತ್ತು ಪಾಲು ದಟ್ಟವಾದ ಶಾಖವು ಈ ಪುಟ್ಟ ಬಿಲ್ಲೆಯಿಂದ ಹೊರಡುತ್ತಿರುವುದು. ಹೀಗಿದ್ದೂ ಅದರ ಉಷ್ಣತೆಯು ನೂರು ಡಿಗ್ರಿಗಳ ಒಳಗೆ ನಿಲ್ಲಬೇಕು. ಜಲಶೀತಕದ ಮುಂದಿರುವ ಸಮಸ್ಯೆಯ ಸ್ವರೂಪವು ಇದರಿಂದ ವ್ಯಕ್ತವಾಗುತ್ತದೆ.

೩. ನೀರಿನ ಯೋಗ್ಯತೆ, ಪೂರ್ವೇತಿಹಾಸ

ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸುವುದಕ್ಕೆ ಸುಮಾರು ೪,೧೮೦ ಜೌಲ್ ಶಾಖವು ಬೇಕು. ಒಂದು ಲೀಟರ್ ಗಾಳಿಗಾದರೆ ಸುಮಾರು ೧.೨ ಜೌಲ್ ಸಾಕು. ಎಂದರೆ, ಗಾತ್ರಕ್ಕೆ ಗಾತ್ರವನ್ನು ಹೋಲಿಸಿದಲ್ಲಿ ನೀರು ಗಾಳಿಗಿಂತ ಸುಮಾರು ೩,೫೦೦ ಪಾಲು ಶಾಖವನ್ನು ಹೊರಬಲ್ಲದು. ಶಾಖವಾಹಕತ್ವದಲ್ಲಿಯೂ ನೀರು ಗಾಳಿಗಿಂತ ಇಪ್ಪತ್ತು ಪಾಲಿಗೂ ಮಿಗಿಲಾದುದು. ನಿಮಿಷಕ್ಕೆ ೪ ಲೀಟರಿನಂತೆ ಹರಿಯುವ ನೀರು ಒಂದು ಡಿಗ್ರಿಯಷ್ಟು ಮಾತ್ರ ಬಿಸಿಯಾಗಿ ಸುಮಾರು ೨೮೦ ವಾಟ್ ಶಾಖವನ್ನು ಹೊತ್ತೊಯ್ಯುವುದು. ಮೇಲೆ ಹೇಳಿದ ೨೫೩ ವಾಟಿನ ಪ್ರಾಸೆಸರನ್ನೂ ೪೫೦ ವಾಟಿನ ಗ್ರಾಫಿಕ್ಸ್ ಕಾರ್ಡನ್ನೂ ಒಂದೇ ಸುತ್ತಿನಲ್ಲಿ ದಾಟಿದರೂ ಆ ನೀರು ಏರುವುದು ಎರಡೂವರೆ ಡಿಗ್ರಿ. ಜಲಶೀತಕಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಕೆಲವರು ಪಡುವ ಚಿಂತೆಗೆ ವಿಶೇಷವಾದ ಆಧಾರವಿಲ್ಲವೆಂಬುದು ಈ ಲೆಕ್ಕದಿಂದಲೇ ಸಿದ್ಧವಾಗುವುದು.

ಗಣಕಯಂತ್ರಕ್ಕೆ ದ್ರವದಿಂದ ತಂಪೆರೆಯುವ ಪದ್ಧತಿಯು ಹೊಸದಲ್ಲ. ಐಬಿಎಂ ಸಂಸ್ಥೆಯು ೧೯೮೦ರಲ್ಲಿ ಪ್ರಕಟಿಸಿದ ೩೦೮೧ ಎಂಬ ಮಹಾಯಂತ್ರದಲ್ಲಿ ಪ್ರತಿಯೊಂದು ಚಿಪ್ಪಿನ ಮೇಲೂ ಸ್ಪ್ರಿಂಗಿನಿಂದ ಒತ್ತಲ್ಪಟ್ಟ ಲೋಹದ ಕೊಂತವೊಂದಿದ್ದು, ಸುತ್ತಲೂ ಹೀಲಿಯಂ ಅನಿಲವನ್ನು ತುಂಬಿತ್ತು. ಕೊಂತಗಳ ಮೂಲಕ ಬಂದ ಶಾಖವನ್ನು ನೀರು ಹರಿಯುವ ಫಲಕವೊಂದು ಹೊತ್ತೊಯ್ಯುತ್ತಿತ್ತು. ೧೯೮೫ರ ಕ್ರೇ-೨ ಎಂಬ ಯಂತ್ರದಲ್ಲಿ ವಿದ್ಯುತ್ತನ್ನು ಹರಿಯಗೊಡದ ಫ್ಲೋರಿನರ್ಟ್ ಎಂಬ ದ್ರವದೊಳಗೆ ಯಂತ್ರಭಾಗಗಳನ್ನೇ ಮುಳುಗಿಸಿಟ್ಟಿದ್ದರು. ಆದರೆ ಇಂದಿನ ಜಲಶೀತಕದ ತತ್ತ್ವಕ್ಕೆ ಅಡಿಗಲ್ಲೆನಿಸಿದ ಕೆಲಸವು ೧೯೮೧ರದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಟಕರ್‌ಮನ್ ಮತ್ತು ಪೀಸ್ ಎಂಬ ಸಂಶೋಧಕರು ಸಿಲಿಕನ್ ತುಂಡಿನ ಬೆನ್ನಿನಲ್ಲಿಯೇ ಕೂದಲೆಳೆಯಷ್ಟು, ಸುಮಾರು ೫೦ ಮೈಕ್ರಾನ್, ಅಗಲವುಳ್ಳ ಕಾಲುವೆಗಳನ್ನು ಕೊರೆದು ಅವುಗಳಲ್ಲಿ ನೀರನ್ನು ಹರಿಯಿಸಿದರು. ಚದರ ಸೆಂಟಿಮೀಟರಿಗೆ ೭೯೦ ವಾಟಿನಷ್ಟು ಶಾಖವನ್ನು ಕೊಟ್ಟಾಗಲೂ ಅದರ ಉಷ್ಣತೆಯು ಒಳಬರುವ ನೀರಿಗಿಂತ ೭೧ ಡಿಗ್ರಿಗಳಷ್ಟು ಮಾತ್ರ ಮೇಲಿತ್ತು. ಕಾಲುವೆಯು ಕಿರಿದಾದಷ್ಟೂ ಶಾಖವು ಸುಲಭವಾಗಿ ನೀರಿಗಿಳಿಯುವುದೆಂಬ ಅವರ ಸಿದ್ಧಾಂತವನ್ನೇ ತಾಮ್ರದಲ್ಲಿ ಸ್ಥೂಲವಾಗಿ ಅನುಸರಿಸಿದ ವಸ್ತುವು ಇಂದಿನ ಜಲಶೀತಕ. ಮನೆಯ ಮೇಜಿನ ಮೇಲಿನ ಯಂತ್ರಗಳಿಗೂ ಕಾಲಕ್ರಮದಲ್ಲಿ ಈ ಪದ್ಧತಿಯು ಬಂದಿತು. ಆಪಲ್ ಸಂಸ್ಥೆಯು ೨೦೦೪ರಲ್ಲಿ ಪವರ್ ಮ್ಯಾಕ್ ಜಿ೫ರ ಒಂದು ಮಾದರಿಯನ್ನು ದ್ರವಶೀತಕದೊಡನೆಯೇ ಮಾರಾಟಕ್ಕೆ ತಂದುದುಂಟು.

೪. ಜಲಶೀತಕದ ಅಂಗಗಳು

ಜಲಶೀತಕವನ್ನು ಬಿಚ್ಚಿ ನೋಡಿದರೆ ಐದು ಅಂಗಗಳು ಕಾಣುವುವು. ಮೊದಲನೆಯದು ತಳದ ಫಲಕ. ಇದರ ಹೊರಮೈ ಪ್ರಾಸೆಸರಿಗೆ ಒತ್ತಿಕೊಂಡಿರುವುದು, ಒಳಮೈಯಲ್ಲಿ ತೆಳ್ಳನೆಯ ರೆಕ್ಕೆಗಳು ಸಾಲಾಗಿ ನಿಂತಿರುವುವು. ಎರಡನೆಯದು ಒಳಬಂದ ನೀರನ್ನು ಸಣ್ಣ ಸೀಳಿನ ಮೂಲಕ ರೆಕ್ಕೆಗಳ ನಡುವಿಗೆ ಚಿಮ್ಮಿಸುವ ತಗಡು. ಮೂರನೆಯದು ಮೇಲ್ಮುಚ್ಚಳ. ನಾಲ್ಕನೆಯದು ಮುಚ್ಚಳಕ್ಕೂ ತಳಕ್ಕೂ ನಡುವೆ ನೀರು ಒಸರದಂತೆ ತಡೆಯುವ ರಬ್ಬರಿನ ಉಂಗುರ. ಐದನೆಯದು ಇವೆಲ್ಲವನ್ನೂ ಪ್ರಾಸೆಸರಿನ ಮೇಲೆ ಬಿಗಿಯುವ ಕಟ್ಟು.

ಚಿಮ್ಮುವ ನೀರು ನಡುವೆ ಬಿದ್ದು ಎರಡು ಕಡೆಗೂ ಹರಿಯುವಂತೆ ಮಾಡುವುದರಲ್ಲಿ ಎರಡು ಪ್ರಯೋಜನಗಳುಂಟು. ಶಾಖವು ಹೆಚ್ಚಾಗಿರುವ ಮಧ್ಯಭಾಗಕ್ಕೆ ಹೊಸ ನೀರು ಮೊದಲು ಮುಟ್ಟುವುದೆಂಬುದು ಒಂದು. ಪ್ರತಿಯೊಂದು ಕಾಲುವೆಯ ಉದ್ದವೂ ಅರ್ಧವಾಗಿ, ಹರಿವಿಗೆ ತಡೆಯು ತಗ್ಗುವುದೆಂಬುದು ಇನ್ನೊಂದು. ಈ ಕಾರಣದಿಂದಲೇ ಇಂಥ ಜಲಶೀತಕಗಳಲ್ಲಿ ನೀರಿನ ಒಳಬಾಯಿಯನ್ನೂ ಹೊರಬಾಯಿಯನ್ನೂ ಅದಲುಬದಲು ಮಾಡಬಾರದು. ಮಾಡಿದರೆ ನೀರು ಹರಿಯದಿರುವುದಿಲ್ಲ. ಆದರೆ ತಗಡಿನ ಉದ್ದೇಶವು ಭಂಗವಾಗಿ ಉಷ್ಣತೆಯು ಏರುವುದು.

೫. ಕಾಲುವೆಯ ಅಗಲ ಮತ್ತು ಹರಿವಿನ ತಡೆ

ಮೂವತ್ತು ಮಿಲಿಮೀಟರ್ ಚೌಕದ ತಳದಲ್ಲಿ ೦.೨ ಮಿಲಿಮೀಟರ್ ದಪ್ಪದ ರೆಕ್ಕೆಗಳನ್ನು ೦.೨ ಮಿಲಿಮೀಟರ್ ಅಂತರದಲ್ಲಿ, ೩ ಮಿಲಿಮೀಟರ್ ಎತ್ತರವಾಗಿ ನಿಲ್ಲಿಸಿದರೆ, ಸುಮಾರು ೭೫ ಕಾಲುವೆಗಳಾಗುವುವು. ಅವುಗಳ ಗೋಡೆಗಳ ಒಟ್ಟು ವಿಸ್ತೀರ್ಣವು ೧೩೫ ಚದರ ಸೆಂಟಿಮೀಟರ್. ತಳದ ವಿಸ್ತೀರ್ಣವಾದ ೯ ಚದರ ಸೆಂಟಿಮೀಟರಿಗೆ ಇದು ಹದಿನೈದು ಪಾಲು. ಸಪಾಟಾದ ತಗಡಿನ ಮೇಲೆ ನೀರನ್ನು ಹರಿಯಿಸುವುದಕ್ಕೂ ರೆಕ್ಕೆಗಳ ನಡುವೆ ಹರಿಯಿಸುವುದಕ್ಕೂ ಇರುವ ಅಂತರವು ಇಂಥದು. ಆದರೆ ರೆಕ್ಕೆಗಳನ್ನು ಮನಬಂದಷ್ಟು ಎತ್ತರ ಮಾಡುವುದರಿಂದ ಲಾಭವಿಲ್ಲ. ಶಾಖವು ಬುಡದಿಂದ ತುದಿಗೆ ಏರುವಷ್ಟರಲ್ಲಿ ದಾರಿಯಲ್ಲಿಯೇ ನೀರಿಗಿಳಿದುಹೋಗುವುದರಿಂದ ತುದಿಯು ತಣ್ಣಗೆ ಉಳಿದು, ಅಲ್ಲಿಯ ಲೋಹವು ವ್ಯರ್ಥವಾಗುವುದು.

ಇಷ್ಟು ಕಿರಿದಾದ ಕಾಲುವೆಗಳಲ್ಲಿ ನೀರು ಸುಳಿಗಳಿಲ್ಲದೆ ಪದರಪದರವಾಗಿ ಹರಿಯುವುದು. ಅಂಥ ಹರಿವಿನಲ್ಲಿ, ಕಾಲುವೆಯ ಅಗಲವನ್ನು ಅರ್ಧಕ್ಕಿಳಿಸಿದರೆ ಗೋಡೆಯಿಂದ ನೀರಿಗೆ ಶಾಖವು ಇಳಿಯುವ ಸೌಲಭ್ಯವು ಎರಡು ಪಾಲಾಗುವುದು. ಆದರೆ ೧೮೩೯ರಲ್ಲಿ ಹೇಗನ್ನನೂ ಅನಂತರ ೧೮೪೦ರ ದಶಕದಲ್ಲಿ ಪ್ವಾಸೆಯ್ಯನೂ ಸಣ್ಣ ನಾಳಗಳ ವಿಷಯದಲ್ಲಿ ಕಂಡುಹಿಡಿದ ನಿಯಮದ ತತ್ತ್ವವು ಇಲ್ಲಿಯೂ ಅನ್ವಯಿಸುವುದು. ಅದೇ ವೇಗದಲ್ಲಿ ನೀರನ್ನು ಹರಿಯಿಸಲು ಬೇಕಾದ ಒತ್ತಡವು ನಾಲ್ಕು ಪಾಲಾಗುವುದು. ಲಾಭವು ಇಮ್ಮಡಿ, ವೆಚ್ಚವು ನಾಲ್ಮಡಿ. ಸಾಮಾನ್ಯವಾಗಿ ಬಳಕೆಯಲ್ಲಿರುವ ಡಿ೫ ಎಂಬ ಪಂಪು ನೀರನ್ನು ಎತ್ತಬಲ್ಲುದು ಹೆಚ್ಚೆಂದರೆ ಸುಮಾರು ೪ ಮೀಟರ್ ಎತ್ತರಕ್ಕೆ. ಆ ಒತ್ತಡದಲ್ಲಿಯೇ ಎಲ್ಲ ಜಲಶೀತಕಗಳೂ, ಕೊಳವೆಗಳೂ, ರೇಡಿಯೇಟರುಗಳೂ ತಮ್ಮ ತಮ್ಮ ಪಾಲನ್ನು ಪಡೆಯಬೇಕು. ಆದಕಾರಣ ಒಂದೇ ಜಲಶೀತಕವಿರುವ ಸುತ್ತಿಗೆ ಅತಿಸೂಕ್ಷ್ಮವಾದ ಕಾಲುವೆಗಳು ಒಪ್ಪಬಹುದು. ಮೂರು ನಾಲ್ಕು ಜಲಶೀತಕಗಳನ್ನು ಒಂದೇ ಪಂಪಿಗೆ ಪೋಣಿಸುವಲ್ಲಿ ತಡೆಯು ಮಿತವಾಗಿರುವುದನ್ನು ಆರಿಸುವುದೇ ವಿವೇಕ. ಇದಲ್ಲದೆ ಅತಿಸೂಕ್ಷ್ಮ ಕಾಲುವೆಗಳು ಸೋಸಣಿಗೆಯಂತೆಯೂ ಕೆಲಸಮಾಡಿ, ನೀರಿನಲ್ಲಿ ತೇಲಿಬರುವ ಕಸವನ್ನು ತಮ್ಮಲ್ಲಿಯೇ ಹಿಡಿದಿಟ್ಟುಕೊಳ್ಳುವುವು. ಬಿಚ್ಚಿ ತೊಳೆದು ಮತ್ತೆ ಜೋಡಿಸಲು ಬರುವಂಥದೇ, ಉಂಗುರವು ಸವೆದರೆ ಬೇರೊಂದು ದೊರೆಯುವುದೇ ಎಂಬ ಪ್ರಶ್ನೆಯನ್ನು ಕೊಳ್ಳುವ ಮೊದಲೇ ಕೇಳಬೇಕು.

೬. ಲೋಹಗಳ ಸ್ನೇಹ ವೈರಗಳು

ಶಾಖವಾಹಕತ್ವದಲ್ಲಿ ಬೆಳ್ಳಿಯು ಸುಮಾರು ೪೩೦, ತಾಮ್ರವು ೪೦೦, ಅಲ್ಯುಮಿನಿಯಂ ೨೩೭, ನಿಕ್ಕಲ್ ಸುಮಾರು ೯೦ ಅಂಕಗಳನ್ನು ಪಡೆದಿರುವುವು; ಮಾನವು ಮೀಟರಿಗೂ ಡಿಗ್ರಿಗೂ ಇಷ್ಟು ವಾಟ್ ಎಂಬುದು. ಬೆಳ್ಳಿಯ ಮೇಲ್ಮೆಯು ನೂರಕ್ಕೆ ಏಳರಷ್ಟು ಮಾತ್ರ. ಬೆಲೆಯ ಅಂತರವಾದರೋ ಹೇಳತೀರದು. ಆದುದರಿಂದ ತಳದ ಫಲಕಕ್ಕೆ ತಾಮ್ರವೇ ಸರ್ವಸಮ್ಮತವಾದ ಲೋಹ.

ತಾಮ್ರದ ಮೇಲೆ ನಿಕ್ಕಲ್ಲಿನ ಲೇಪವಿರುವ ಜಲಶೀತಕಗಳೂ ಬಹಳವಾಗಿ ಮಾರಾಟವಾಗುವುವು. ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುವ ವಾಡಿಕೆಯನ್ನು ಬಲ್ಲವರಿಗೆ ಇದರ ಉದ್ದೇಶವನ್ನು ವಿವರಿಸಬೇಕಾಗಿಲ್ಲ. ಒಳಗಿನ ಲೋಹವು ಕಿಲುಬದಿರಲೆಂದೂ ಬಣ್ಣ ಕೆಡದಿರಲೆಂದೂ ಮಾಡಿದ ಏರ್ಪಾಡು ಅದು. ನಿಕ್ಕಲ್ ಶಾಖವನ್ನು ಅಷ್ಟಾಗಿ ಸಾಗಿಸದೆಂಬ ಕಾರಣದಿಂದ ಲೇಪವು ಹಾನಿಕರವೆಂದು ವಾದಿಸುವವರುಂಟು. ಲೆಕ್ಕವು ಆ ವಾದವನ್ನು ಎತ್ತಿಹಿಡಿಯುವುದಿಲ್ಲ. ಹತ್ತು ಮೈಕ್ರಾನ್ ದಪ್ಪದ ಲೇಪವನ್ನು ೧೦ ಚದರ ಸೆಂಟಿಮೀಟರ್ ವಿಸ್ತೀರ್ಣದಲ್ಲಿ ೨೫೦ ವಾಟ್ ಶಾಖವು ಸಮನಾಗಿ ದಾಟುವುದಾದರೆ ಆಗುವ ಉಷ್ಣತೆಯ ಅಂತರವು ಸುಮಾರು ೦.೦೩ ಡಿಗ್ರಿ. ಅದೇ ಸ್ಥಳದಲ್ಲಿ ಪ್ರಾಸೆಸರಿಗೂ ಜಲಶೀತಕಕ್ಕೂ ನಡುವೆ ಬಳಿಯುವ ಶಾಖಲೇಪವು ೫೦ ಮೈಕ್ರಾನ್ ದಪ್ಪವಾಗಿದ್ದು, ಅದರ ವಾಹಕತ್ವವು ೫ ಅಂಕಗಳಾಗಿದ್ದರೆ ಅಂತರವು ೨.೫ ಡಿಗ್ರಿ, ಲೇಪವು ಎರಡರಷ್ಟು ದಪ್ಪವಾದರೆ ೫ ಡಿಗ್ರಿ. ತಳದ ಮೈ ನುಣುಪಾಗಿಯೂ ಸಮವಾಗಿಯೂ ಇದ್ದು ಶಾಖಲೇಪವು ತೆಳುವಾಗಿ ಹರಡುವಂತಿರಬೇಕೆಂಬುದೇ ಇಲ್ಲಿ ಮುಖ್ಯವಾದ ಮಾತು. ನಿಕ್ಕಲ್ಲಿನ ಚರ್ಚೆಯು ಗೌಣ.

ಲೋಹಗಳ ವಿಷಯದಲ್ಲಿ ನಿಜವಾದ ಅಪಾಯವು ಬೇರೆಡೆಯಲ್ಲಿದೆ. ಎರಡು ಬೇರೆ ಬೇರೆ ಲೋಹಗಳು ಒಂದೇ ನೀರಿನಲ್ಲಿದ್ದು ಒಂದಕ್ಕೊಂದು ಸಂಬಂಧವನ್ನು ಪಡೆದಾಗ ಅವು ವಿದ್ಯುತ್ಕೋಶದಂತೆ ವರ್ತಿಸಿ, ಅವುಗಳಲ್ಲಿ ದುರ್ಬಲವಾದುದು ಸವೆಯತೊಡಗುವುದು. ಇದಕ್ಕೆ ನೌಕಾಚರಿತ್ರೆಯಲ್ಲಿ ಪ್ರಸಿದ್ಧವಾದ ನಿದರ್ಶನವೊಂದುಂಟು. ೧೭೬೧ರಲ್ಲಿ ಇಂಗ್ಲೆಂಡಿನ ನೌಕಾಬಲದವರು ಅಲಾರ್ಮ್ ಎಂಬ ಹಡಗಿನ ತಳಕ್ಕೆ, ಹುಳುಗಳಿಂದ ರಕ್ಷಿಸುವುದಕ್ಕಾಗಿ, ತಾಮ್ರದ ತಗಡುಗಳನ್ನು ಹೊದಿಸಿದರು. ಹಡಗು ಯಾನದಿಂದ ಹಿಂದಿರುಗಿದ ಮೇಲೆ ಪರೀಕ್ಷಿಸಿ ನೋಡಲಾಗಿ, ತಾಮ್ರವನ್ನು ಮುಟ್ಟುತ್ತಿದ್ದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದುವು. ಅಲ್ಲಲ್ಲಿ ತಗಡುಗಳಿಗೆ ಸುತ್ತಿ ತಂದಿದ್ದ ಕಾಗದವು ಹರಿಯದೆ ಮೊಳೆಗೂ ತಾಮ್ರಕ್ಕೂ ನಡುವೆ ಉಳಿದಿದ್ದೆಡೆಯಲ್ಲಿ ಮಾತ್ರ ಮೊಳೆಗಳು ಸುರಕ್ಷಿತವಾಗಿದ್ದುವು. ಗ್ಯಾಲ್ವಾನಿ ವೋಲ್ಟಾ ಎಂಬುವರು ಇದರ ರಹಸ್ಯವನ್ನು ಬಯಲಿಗೆಳೆಯುವುದಕ್ಕೆ ಮೊದಲೇ ನಡೆದ ಸಂಗತಿ ಇದು.

ಹಡಗಿನ ತಳದಲ್ಲಿ ಕಬ್ಬಿಣಕ್ಕೆ ಒದಗಿದ ಗತಿಯೇ ಗಣಕಯಂತ್ರದ ಸುತ್ತಿನಲ್ಲಿ ಅಲ್ಯುಮಿನಿಯಮ್ಮಿಗೆ ಒದಗುವುದು. ತಾಮ್ರಕ್ಕೂ ಅಲ್ಯುಮಿನಿಯಮ್ಮಿಗೂ ವಿದ್ಯುತ್ಸ್ಥಾನದಲ್ಲಿ ಸುಮಾರು ೨ ವೋಲ್ಟಿನ ಅಂತರವಿರುವುದು. ಅಲ್ಯುಮಿನಿಯಮ್ಮಿನ ಮೇಲಿನ ಆಕ್ಸೈಡಿನ ಪೊರೆಯೂ ನೀರಿಗೆ ಬೆರೆಸಿದ ಔಷಧಗಳೂ ಕೆಲವು ಕಾಲ ಇದನ್ನು ತಡೆಯಬಹುದು. ಪೊರೆಯು ಹರಿದೆಡೆಯಲ್ಲಿ ಲೋಹವು ಗುಳಿಬಿದ್ದು, ಕೊನೆಗೆ ತೂತಾಗಿ ನೀರು ಸೋರುವುದು. ಅಗ್ಗದ ರೇಡಿಯೇಟರುಗಳಲ್ಲಿಯೂ ಕೆಲವು ಜಲಶೀತಕಗಳಲ್ಲಿಯೂ ಅಲ್ಯುಮಿನಿಯಂ ಇರುವುದರಿಂದ, ಸುತ್ತಿನಲ್ಲಿ ನೀರು ಮುಟ್ಟುವ ಪ್ರತಿಯೊಂದು ಭಾಗದ ಲೋಹವನ್ನೂ ವಿಚಾರಿಸಿ ತಿಳಿಯಬೇಕಾದುದು ಆವಶ್ಯಕ. ತಾಮ್ರ, ಹಿತ್ತಾಳೆ, ನಿಕ್ಕಲ್ ಇವು ಮೂರೂ ಒಂದೆಡೆ ಬಾಳಬಲ್ಲುವು. ಅಲ್ಯುಮಿನಿಯಂ ಇವುಗಳ ಪಂಕ್ತಿಯಲ್ಲಿ ಕೂರತಕ್ಕುದಲ್ಲ. ಗ್ಯಾಲಿಯಂ ಬೆರೆತ ದ್ರವಲೋಹವನ್ನು ಶಾಖಲೇಪವಾಗಿ ಬಳಸುವವರೂ ಈ ಎಚ್ಚರಿಕೆಯನ್ನು ಮರೆಯಬಾರದು. ಅದು ಅಲ್ಯುಮಿನಿಯಮ್ಮನ್ನು ಒಳಹೊಕ್ಕು ಪುಡಿಮಾಡುವುದು. ಬರಿಯ ತಾಮ್ರವೂ ಅದನ್ನು ಮೆಲ್ಲಮೆಲ್ಲನೆ ಹೀರಿಕೊಳ್ಳುವುದು; ಅಂಥ ಸ್ಥಳದಲ್ಲಿ ನಿಕ್ಕಲ್ಲಿನ ಲೇಪವು ನಿಜವಾಗಿಯೂ ಉಪಯುಕ್ತವಾಗುವುದು.

ಹಡಗುಗಳ ಕಥೆಗೆ ಉತ್ತರಭಾಗವೊಂದಿದೆ. ೧೮೨೪ರಲ್ಲಿ ಸರ್ ಹಂಫ್ರಿ ಡೇವಿಯು ತಾಮ್ರದ ಹೊದಿಕೆಗೆ ಸತು ಅಥವಾ ಕಬ್ಬಿಣದ ತುಂಡುಗಳನ್ನು ತಗುಲಿಸಿ ತಾಮ್ರವು ಸವೆಯದಂತೆ ಮಾಡಿದನು. ಉಪಾಯವು ಫಲಿಸಿತು, ಆದರೆ ಸವೆಯದ ತಾಮ್ರಕ್ಕೆ ಜೀವಿಗಳನ್ನು ಕೊಲ್ಲುವ ಶಕ್ತಿಯೂ ಕುಂದಿ, ಹಡಗಿನ ತಳಕ್ಕೆ ಪಾಚಿಯೂ ಚಿಪ್ಪಿನ ಪ್ರಾಣಿಗಳೂ ಅಂಟಿಕೊಂಡುವು. ಸವೆತ ಮತ್ತು ಪಾಚಿ ಎಂಬಿವು ಎರಡು ಬೇರೆ ಬೇರೆ ಶತ್ರುಗಳು. ಒಂದನ್ನು ಗೆದ್ದ ಮಾತ್ರಕ್ಕೆ ಮತ್ತೊಂದು ಸೋಲುವುದಿಲ್ಲ. ಜಲಶೀತಕಗಳಲ್ಲಿ ಬಟ್ಟಿಯಿಳಿಸಿದ ನೀರಿಗೆ ಸವೆತವನ್ನು ತಡೆಯುವ ದ್ರವ್ಯವನ್ನೂ ಪಾಚಿಯನ್ನು ತಡೆಯುವ ದ್ರವ್ಯವನ್ನೂ ಎರಡನ್ನೂ ಸೇರಿಸುವ ಪದ್ಧತಿಗೆ ಇದೇ ಕಾರಣ. ಬಾವಿಯ ನೀರನ್ನಾಗಲಿ ನಲ್ಲಿಯ ನೀರನ್ನಾಗಲಿ ಹಾಕುವುದು ಎಂದಿಗೂ ಸಲ್ಲದು. ಅದರಲ್ಲಿರುವ ಲವಣಗಳು ವಿದ್ಯುತ್ಕೋಶಕ್ಕೆ ಸಹಕಾರಿಗಳಾಗುವುದಲ್ಲದೆ, ಹಂಡೆಯ ಒಳಗೆ ಬಿಳಿಯ ಕರೆ ಕಟ್ಟುವಂತೆ ಕಾಲುವೆಗಳಲ್ಲಿಯೂ ಕಟ್ಟುವುವು.

೭. ಕೂರಿಕೆ

ಎಷ್ಟೇ ಉತ್ತಮವಾದ ಜಲಶೀತಕವಾದರೂ ಪ್ರಾಸೆಸರಿನ ಮೇಲೆ ಸರಿಯಾಗಿ ಕೂರದಿದ್ದರೆ ನಿಷ್ಪ್ರಯೋಜಕ. ಪ್ರಾಸೆಸರನ್ನು ಹೊರುವ ಸಾಕೆಟ್ಟುಗಳು ಕಾಲಕಾಲಕ್ಕೆ ಬದಲಾಗುತ್ತಿರುವುವು. ಇಂಟೆಲ್ಲಿನ ಹಿಂದಿನ ಸಾಮಾನ್ಯ ಸಾಕೆಟ್ಟುಗಳಲ್ಲಿ ತಿರುಪಿನ ರಂಧ್ರಗಳ ಅಂತರವು ೭೫ ಮಿಲಿಮೀಟರ್ ಇದ್ದುದು, ೨೦೨೧ರ ಎಲ್‌ಜಿಎ ೧೭೦೦ರಲ್ಲಿ ೭೮ ಮಿಲಿಮೀಟರಾಯಿತು. ೨೦೨೪ರ ಎಲ್‌ಜಿಎ ೧೮೫೧ರಲ್ಲಿ ಅದೇ ಅಂತರವು ಮುಂದುವರಿದಿದೆ. ಎಎಂಡಿಯ ಎಎಂ೪ ಸಾಕೆಟ್ಟಿನ ಅಂತರಗಳನ್ನು ೨೦೨೨ರ ಎಎಂ೫ರಲ್ಲಿಯೂ ಉಳಿಸಿಕೊಂಡರು. ಆದರೆ ಎಎಂ೫ರಲ್ಲಿ ಬೆನ್ನಿನ ಫಲಕವನ್ನು ತೆಗೆದು ಬೇರೆಯದನ್ನು ಹಾಕಲಾಗದು. ತಾಮ್ರದ ಫಲಕವು ಹಲವು ಪ್ರಾಸೆಸರುಗಳ ಕಾಲವನ್ನು ದಾಟಿ ಬಾಳುವ ವಸ್ತು. ಆದುದರಿಂದ ಹೊಸ ಸಾಕೆಟ್ಟು ಬಂದಾಗ ಕಟ್ಟನ್ನು ಮಾತ್ರ ಬೇರೆಯಾಗಿ ಕೊಡುವ ತಯಾರಕರ ಜಲಶೀತಕವು ಕೊಳ್ಳುವವನಿಗೆ ಹೆಚ್ಚು ಲಾಭಕರ.

ಕೂರಿಕೆಯಲ್ಲಿ ಇನ್ನೆರಡು ಸೂಕ್ಷ್ಮಗಳುಂಟು. ಎಎಂ೫ ಪ್ರಾಸೆಸರುಗಳಲ್ಲಿ ಎಣಿಕೆಯ ಬಿಲ್ಲೆಗಳು ಮಧ್ಯದಲ್ಲಿರದೆ ಒಂದು ಅಂಚಿನ ಕಡೆಗಿರುವುವು. ಜಲಶೀತಕದ ಚಿಮ್ಮುವ ಸೀಳು ಮಾತ್ರ ನಟ್ಟನಡುವೆ ಇದ್ದರೆ ಹೊಸ ನೀರು ಬೀಳುವುದು ಒಂದೆಡೆ, ಬಿಸಿಯಿರುವುದು ಮತ್ತೊಂದೆಡೆ. ವಾಯುಶೀತಕಗಳಿಗೆ ಹೆಸರಾದ ಆಸ್ಟ್ರಿಯದ ನಾಕ್ಟುವ ಸಂಸ್ಥೆಯು ೨೦೨೩ರಲ್ಲಿ ತನ್ನ ಶೀತಕಗಳನ್ನು ೭ ಮಿಲಿಮೀಟರ್ ಸರಿಸಿ ಕೂರಿಸುವ ಪಟ್ಟಿಗಳನ್ನು ಹೊರತಂದು, ಅದರಿಂದ ಒಂದರಿಂದ ಮೂರು ಡಿಗ್ರಿಗಳ ಲಾಭವನ್ನು ತೋರಿಸಿತು. ಜಲಶೀತಕಕ್ಕೂ ಈ ತತ್ತ್ವವು ಅನ್ವಯಿಸುವುದು. ಎರಡನೆಯದಾಗಿ, ಎಲ್‌ಜಿಎ ೧೭೦೦ ಸಾಕೆಟ್ಟಿನ ಬಿಗಿಯುವ ಕೊಂಡಿಯು ನೀಳವಾದ ಪ್ರಾಸೆಸರನ್ನು ನಡುವೆ ಮಾತ್ರ ಒತ್ತುವುದರಿಂದ ಅದರ ಮೇಲ್ಮೈ ಕೊಂಚ ಬಾಗಿ, ನಡುವೆ ತಗ್ಗಾಗುವುದು. ಅಂಥಲ್ಲಿ ತಳವು ನಡುವೆ ಕೊಂಚ ಉಬ್ಬಿರುವ ಜಲಶೀತಕವೂ, ಒತ್ತಡವನ್ನು ಸುತ್ತಲೂ ಹಂಚುವ ಚೌಕಟ್ಟೂ ಉಪಯೋಗಕ್ಕೆ ಬರುವುವು. ಪೂರ್ಣವಾಗಿ ಸಪಾಟಾದ ತಳವೇ ಯಾವಾಗಲೂ ಶ್ರೇಷ್ಠವೆಂಬ ನಿಯಮವಿಲ್ಲ. ಎರಡು ಮೈಗಳೂ ಒಂದಕ್ಕೊಂದು ಹೊಂದಬೇಕೆಂಬುದೇ ನಿಯಮ.

ಕೊಳವೆಗಳನ್ನು ಜೋಡಿಸುವ ತಿರುಪಿನ ವಿಷಯದಲ್ಲಿ ಮಾತ್ರ ಸಂತೋಷಕರವಾದ ಏಕರೂಪತೆಯು ಏರ್ಪಟ್ಟಿದೆ. ಬಹುಮಟ್ಟಿಗೆ ಎಲ್ಲ ತಯಾರಕರೂ ಜಿ ಕಾಲು ಅಂಗುಲ ಎಂಬ ಅಳತೆಯನ್ನೇ ಬಳಸುವರು. ಹೆಸರು ಕಾಲು ಅಂಗುಲವೆಂದಿದ್ದರೂ ತಿರುಪಿನ ಹೊರ ಅಡ್ಡಳತೆಯು ೧೩.೧೫೭ ಮಿಲಿಮೀಟರ್, ಎಂದರೆ ಅರ್ಧ ಅಂಗುಲಕ್ಕೂ ಹೆಚ್ಚು. ಶಬ್ದಾರ್ಥವನ್ನೇ ನಂಬಿ ಅಳೆಯುವವನು ಇಲ್ಲಿ ಮೋಸಹೋಗುವನು. ೧೮೪೧ರಲ್ಲಿ ಜೋಸೆಫ್ ವ್ಹಿಟ್‌ವರ್ತ್ ಎಂಬ ಆಂಗ್ಲ ಯಂತ್ರಶಿಲ್ಪಿಯು ಸೂಚಿಸಿದ, ೫೫ ಡಿಗ್ರಿ ಕೋನದ ತಿರುಪಿನ ವಂಶಕ್ಕೆ ಇದು ಸೇರಿದುದು. ಕಾಲು ಅಂಗುಲವೆಂಬುದು ಮೊದಲು ಕಬ್ಬಿಣದ ಕೊಳವೆಯ ಒಳರಂಧ್ರದ ಅಳತೆಯಾಗಿದ್ದು, ಕೊಳವೆಯ ರೂಪವು ಮಾರ್ಪಟ್ಟ ಮೇಲೂ ಹೆಸರು ಉಳಿದುಬಂದಿತು. ಅರ್ಥವು ಸರಿದುಹೋದ ಮೇಲೂ ಶಬ್ದವು ಬಾಳುವ ಪರಿಯು ಭಾಷೆಯಲ್ಲಿ ಮಾತ್ರವಲ್ಲದೆ ಕಮ್ಮಟದಲ್ಲಿಯೂ ಉಂಟು.

೮. ಗ್ರಾಫಿಕ್ಸ್ ಕಾರ್ಡಿನ ಜಲಶೀತಕ

ಪ್ರಾಸೆಸರಿನ ಜಲಶೀತಕವು ಕಟ್ಟನ್ನು ಬದಲಿಸಿ ಮತ್ತೊಂದಕ್ಕೆ ಸಲ್ಲುವುದು. ಗ್ರಾಫಿಕ್ಸ್ ಕಾರ್ಡಿನದು ಹಾಗಲ್ಲ. ಇಲ್ಲಿ ಸಿಲಿಕನ್ ಬಿಲ್ಲೆಯ ಜೊತೆಗೆ ಸುತ್ತಲಿನ ಸ್ಮೃತಿಯ ಚಿಪ್ಪುಗಳಿಗೂ ವಿದ್ಯುತ್ತನ್ನು ಹದಗೊಳಿಸುವ ಭಾಗಗಳಿಗೂ ತಂಪು ಬೇಕು; ಅವುಗಳ ಎತ್ತರ ಬೇರೆ ಬೇರೆ, ಸ್ಥಾನ ಬೇರೆ ಬೇರೆ. ಒಂದೇ ಹೆಸರಿನ ಕಾರ್ಡನ್ನು ಹಲವು ಸಂಸ್ಥೆಗಳು ತಮ್ಮ ತಮ್ಮ ಫಲಕಗಳ ಮೇಲೆ ಬೇರೆ ಬೇರೆ ವಿನ್ಯಾಸದಲ್ಲಿ ತಯಾರಿಸುವುದರಿಂದ, ಒಂದಕ್ಕೆ ಕಡೆದ ಜಲಶೀತಕವು ಮತ್ತೊಂದಕ್ಕೆ ಕೂರದು. ಕಾರ್ಡಿನ ಹೆಸರನ್ನಲ್ಲದೆ ಅದರ ಫಲಕದ ಪೂರ್ಣವಾದ ಗುರುತನ್ನು ತಯಾರಕರ ಪಟ್ಟಿಯೊಡನೆ ಹೋಲಿಸಿ ನೋಡಿದ ಮೇಲೆಯೇ ಕೊಳ್ಳಬೇಕು. ಬಿಲ್ಲೆಯನ್ನು ಮಾತ್ರ ತಂಪುಮಾಡುವ ಸರ್ವಸಾಮಾನ್ಯ ಜಲಶೀತಕಗಳೂ ಉಂಟು. ಅವು ಕಾರ್ಡಿನಿಂದ ಕಾರ್ಡಿಗೆ ಸಾಗಬಲ್ಲುವು, ಆದರೆ ಉಳಿದ ಭಾಗಗಳಿಗೆ ಗಾಳಿಯ ಏರ್ಪಾಡನ್ನು ಬೇರೆಯಾಗಿ ಮಾಡಬೇಕಾಗುವುದು.

ಸ್ಮೃತಿಯ ಚಿಪ್ಪುಗಳಿಗೂ ಜಲಶೀತಕಕ್ಕೂ ನಡುವೆ ಮೆತ್ತನೆಯ ಶಾಖಪಟ್ಟಿಗಳನ್ನಿಡುವರು. ತಯಾರಕರು ೧ ಮಿಲಿಮೀಟರ್ ಹೇಳಿದಲ್ಲಿ ೧.೫ ಮಿಲಿಮೀಟರಿನದನ್ನಿಟ್ಟರೆ ಸ್ಮೃತಿಯು ತಂಪಾಗಿದ್ದು ಬಿಲ್ಲೆಯು ಜಲಶೀತಕವನ್ನು ಚೆನ್ನಾಗಿ ಮುಟ್ಟದೆ ಹೋಗುವುದು. ತೆಳುವಾದುದನ್ನಿಟ್ಟರೆ ಸ್ಮೃತಿಯು ಸುಡುವುದು. ೨೦೨೦ರ ಆರ್‌ಟಿಎಕ್ಸ್ ೩೦೯೦ರಲ್ಲಿ ಸ್ಮೃತಿಯ ೨೪ ಚಿಪ್ಪುಗಳ ಪೈಕಿ ೧೨ ಕಾರ್ಡಿನ ಬೆನ್ನಿನಲ್ಲಿದ್ದುದರಿಂದ ಬೆನ್ನಿಗೂ ತಂಪೆರೆಯುವ ಫಲಕಗಳಿಗೆ ಅರ್ಥವಿತ್ತು. ಚಿಪ್ಪುಗಳೆಲ್ಲವೂ ಮುಂಭಾಗದಲ್ಲಿಯೇ ಇರುವ ೪೦೯೦ಕ್ಕೆ ಅಂಥದನ್ನು ಕೊಳ್ಳುವುದರಲ್ಲಿ ಅಂಥ ಅರ್ಥವಿಲ್ಲ. ಮತ್ತೊಂದು ವಿಶೇಷವೆಂದರೆ, ಈ ಕಾರ್ಡುಗಳಲ್ಲಿ ಬಿಲ್ಲೆಯ ಮೇಲೆ ಲೋಹದ ಮುಚ್ಚಳವಿಲ್ಲ. ಜಲಶೀತಕವು ಸಿಲಿಕನ್ನನ್ನೇ ಮುಟ್ಟುವುದು. ೪೦೯೦ರ ಬಿಲ್ಲೆಯು ಸುಮಾರು ೬೦೮ ಚದರ ಮಿಲಿಮೀಟರಿನದಾಗಿ, ಶಾಖವು ಹರಡಿಕೊಂಡಿರುವುದರಿಂದ, ನೀರಿನ ಉಪಕಾರವು ಪ್ರಾಸೆಸರಿಗಿಂತ ಇಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುವುದು.

೯. ಜಲಶೀತಕದ ಪಾಲೆಷ್ಟು?

ಶಾಖವು ಬಿಲ್ಲೆಯಿಂದ ಹೊರಟು ಕೋಣೆಯ ಗಾಳಿಯನ್ನು ಸೇರುವವರೆಗೆ ಹಲವು ಸುಂಕದ ಕಟ್ಟೆಗಳನ್ನು ದಾಟಬೇಕು. ಪ್ರತಿಯೊಂದರಲ್ಲಿಯೂ ಕೆಲವು ಡಿಗ್ರಿಗಳ ಸುಂಕ. ನಿದರ್ಶನಕ್ಕಾಗಿ ಕಲ್ಪಿಸಿದ ಅಂಕಗಳನ್ನು ನೋಡಬಹುದು. ಕೋಣೆಯ ಉಷ್ಣತೆಯು ೩೦ ಡಿಗ್ರಿ, ರೇಡಿಯೇಟರಿನಲ್ಲಿ ೧೨, ಜಲಶೀತಕ ಮತ್ತು ಶಾಖಲೇಪಗಳಲ್ಲಿ ೨೦, ಪ್ರಾಸೆಸರಿನ ಮುಚ್ಚಳದಿಂದ ಬಿಲ್ಲೆಯವರೆಗೆ ೩೦, ಒಟ್ಟು ೯೨ ಡಿಗ್ರಿ. ಜಲಶೀತಕವನ್ನು ಬದಲಿಸಿ ಅದರ ಪಾಲಿನ ೨೦ನ್ನು ನೂರಕ್ಕೆ ಹತ್ತರಷ್ಟು ತಗ್ಗಿಸಿದರೆ ಆಗುವ ಲಾಭವು ೨ ಡಿಗ್ರಿ. ಅದೇ ಹಣದಿಂದ ರೇಡಿಯೇಟರನ್ನು ಒಂದೂವರೆಯಷ್ಟು ಹಿಗ್ಗಿಸಿದರೆ ೧೨ ಇದ್ದುದು ೮ಕ್ಕೆ ಇಳಿದು ಲಾಭವು ೪ ಡಿಗ್ರಿಯಾಗುವುದು. ಪ್ರಾಸೆಸರಿನ ಒಳಗಿನ ೩೦ ಡಿಗ್ರಿಯಾದರೋ ಯಾವ ಜಲಶೀತಕದ ಕೈಗೂ ಸಿಕ್ಕುವಂಥದಲ್ಲ. ಉತ್ತಮ ತರಗತಿಯ ಎರಡು ಜಲಶೀತಕಗಳ ನಡುವೆ ಒಂದೆರಡು ಡಿಗ್ರಿಗಳಿಗಾಗಿ ನಡೆಯುವ ವಿವಾದದ ಬೆಲೆಯು ಎಷ್ಟೆಂಬುದು ಇದರಿಂದ ಗೊತ್ತಾಗುವುದು.

ಕೋಣೆಯ ಉಷ್ಣತೆಯೇ ಈ ಲೆಕ್ಕದ ತಳಹದಿ. ಮಣ್ಣಿನ ಹೂಜಿಯು ನೀರನ್ನು ಸುತ್ತಲಿನ ಗಾಳಿಗಿಂತಲೂ ತಣ್ಣಗೆ ಮಾಡಬಲ್ಲುದು. ಏಕೆಂದರೆ ಅದರ ಮೈಯಿಂದ ನೀರು ಒಸರಿ ಆವಿಯಾಗಿ ಹೋಗುವುದು. ಮುಚ್ಚಿದ ಸುತ್ತಿನಲ್ಲಿ ಹರಿಯುವ ನೀರಿಗೆ ಆ ಭಾಗ್ಯವಿಲ್ಲ. ಅದು ಗಾಳಿಯ ಉಷ್ಣತೆಯನ್ನು ಸಮೀಪಿಸಬಲ್ಲದೇ ಹೊರತು ಅದಕ್ಕಿಂತ ಕೆಳಗಿಳಿಯಲಾರದು. ಬೇಸಗೆಯಲ್ಲಿ ೪೦ ಡಿಗ್ರಿಯನ್ನು ಮೀರುವ ರಾಯಚೂರು, ಕಲಬುರಗಿಗಳಂಥ ಊರುಗಳಲ್ಲಿ, ಗಾಳಿಯನ್ನು ತಂಪುಮಾಡದ ಕೋಣೆಯಲ್ಲಿಟ್ಟ ಯಂತ್ರದ ನೀರು ೪೦ಕ್ಕಿಂತ ಮೇಲೆಯೇ ಇರುವುದು. ಇದರಲ್ಲಿ ಒಂದು ಸಮಾಧಾನವೂ ಉಂಟು: ನೀರು ಕೋಣೆಗಿಂತ ತಣ್ಣಗಾಗದ ಕಾರಣ ಕೊಳವೆಗಳ ಮೇಲೆ ಹನಿಗಟ್ಟುವ ಭಯವಿಲ್ಲ.

೧೦. ಮುಚ್ಚಳದ ವಿಚಾರ; ಉಪಸಂಹಾರ

ಮೇಲ್ಮುಚ್ಚಳವು ಅಕ್ರಿಲಿಕ್, ಅಸಿಟಾಲ್ ಅಥವಾ ಲೋಹದ್ದಾಗಿರಬಹುದು. ಶಾಖದ ವಿಷಯದಲ್ಲಿ ಇವುಗಳ ವ್ಯತ್ಯಾಸವು ಅಲ್ಪ. ಬಾಳಿಕೆಯ ವಿಷಯದಲ್ಲಿ ಗಣನೀಯ. ಅಕ್ರಿಲಿಕ್ ಪಾರದರ್ಶಕವಾದುದರಿಂದ ಒಳಗೆ ಕಸ ಕಟ್ಟಿದುದು ಕಣ್ಣಿಗೆ ಕಾಣುವುದು. ಆದರೆ ತಿರುಪನ್ನು ಅತಿಯಾಗಿ ಬಿಗಿದರೆ ಸೀಳುವುದು, ಮದ್ಯಸಾರದಿಂದ ಒರೆಸಿದರೆ ನವಿರಾದ ಬಿರುಕುಗಳನ್ನು ಬಿಡುವುದು. ಅಸಿಟಾಲ್ ಅಪಾರದರ್ಶಕ, ಆದರೆ ಗಟ್ಟಿ. ನೋಡಲು ಬೇಕೆನ್ನುವವನು ಮೊದಲನೆಯದನ್ನೂ, ಮರೆತು ಕೂರಲು ಬೇಕೆನ್ನುವವನು ಎರಡನೆಯದನ್ನೂ ಆರಿಸಬಹುದು.

ಇಷ್ಟು ವಿವೇಚನೆಯಿಂದ ಆಯ್ಕೆಯ ಕ್ರಮವು ತಾನಾಗಿಯೇ ಏರ್ಪಡುವುದು. ಮೊದಲು ಕೂರಿಕೆ: ಸಾಕೆಟ್ಟಿಗೆ, ಕಾರ್ಡಿನ ಫಲಕಕ್ಕೆ ಅದು ಹೊಂದುವುದೇ? ಎರಡನೆಯದು ಲೋಹ: ಸುತ್ತಿನಲ್ಲಿ ಅಲ್ಯುಮಿನಿಯಂ ಎಲ್ಲಿಯಾದರೂ ಅಡಗಿರುವುದೇ? ಮೂರನೆಯದು ಹರಿವು: ಇರುವ ಪಂಪಿಗೆ ಅದರ ತಡೆಯು ಮಿತಿಮೀರದಿರುವುದೇ? ನಾಲ್ಕನೆಯದು ಬಾಳಿಕೆ: ಬಿಚ್ಚಿ ತೊಳೆಯಲು, ಉಂಗುರವನ್ನೂ ಕಟ್ಟನ್ನೂ ಬದಲಿಸಲು ಬರುವುದೇ? ಇವು ನಾಲ್ಕೂ ತೃಪ್ತಿಕರವಾದ ಮೇಲೆ ಒಂದೆರಡು ಡಿಗ್ರಿಗಳ ಮೇಲಾಟ, ಕಟ್ಟಕಡೆಗೆ ರೂಪ. ಮಾರುಕಟ್ಟೆಯ ಪ್ರಚಾರವು ಈ ಕ್ರಮವನ್ನು ತಲೆಕೆಳಗು ಮಾಡಿ ರೂಪವನ್ನು ಮೊದಲಿಗೂ ಲೋಹವನ್ನು ಕೊನೆಗೂ ಇಡುತ್ತಿರುವುದೇ ಅನೇಕ ನಷ್ಟಗಳಿಗೆ ಮೂಲ. ಎಲ್ಲವನ್ನೂ ಜೋಡಿಸಿದ ಮೇಲೆಯೂ, ನೀರನ್ನು ತುಂಬುವ ಮೊದಲು ಗಾಳಿಯ ಒತ್ತಡವನ್ನು ಕೊಟ್ಟು ಅದು ಇಳಿಯುವುದೇ ಎಂದು ನೋಡುವುದು, ನೀರು ತುಂಬಿದ ಮೇಲೆ ಉಳಿದ ಯಂತ್ರಕ್ಕೆ ವಿದ್ಯುತ್ತನ್ನು ಕೊಡದೆ ಪಂಪನ್ನು ಮಾತ್ರ ಕೆಲವು ಗಂಟೆಗಳ ಕಾಲ ನಡೆಯಿಸಿ ಪರೀಕ್ಷಿಸುವುದು, ಇವೆರಡೂ ಬಿಡತಕ್ಕುವಲ್ಲ.

ಸಾಧಾರಣವಾದ ಬರವಣಿಗೆ, ಲೆಕ್ಕಪತ್ರಗಳ ಕೆಲಸಕ್ಕೆ ಇರುವ ಯಂತ್ರಕ್ಕೆ ಜಲಶೀತಕವೇ ಬೇಡ. ಒಳ್ಳೆಯ ವಾಯುಶೀತಕವೊಂದು ಧಾರಾಳವಾಗಿ ಸಾಕಾಗುವುದು. ಎಡೆಬಿಡದೆ ನೂರಾರು ವಾಟ್ ಶಾಖವನ್ನು ಸುರಿಸುವ ಯಂತ್ರಗಳಲ್ಲಿಯೇ ನೀರಿಗೆ ನಿಜವಾದ ಕೆಲಸವಿರುವುದು. ಅಂಥಲ್ಲಿಯೂ, ಅಲಾರ್ಮ್ ಹಡಗಿನ ಮೊಳೆಗಳನ್ನು ಕಾಪಾಡಿದುದು ತಾಮ್ರದ ಮೇಲ್ಮೆಯಲ್ಲ, ನಡುವೆ ಉಳಿದುಕೊಂಡಿದ್ದ ಕಾಗದದ ಚೂರು ಎಂಬುದನ್ನು ನೆನಪಿನಲ್ಲಿಡಬೇಕು. ಭಾಗಗಳು ಒಂದೊಂದೂ ಶ್ರೇಷ್ಠವಾಗಿದ್ದರೆ ಸಾಲದು. ಅವು ಒಂದರ ಪಕ್ಕದಲ್ಲೊಂದು ಕೂಡಿ ಬಾಳುವಂಥವಾಗಿರಬೇಕು.